ಎಲ್ಲದಕ್ಕೂ ಕಾಲ್ ಮಾಡುವವರ ಎದುರು ಪೋಕರ್ ಆಡೋದು ಹೇಗೆ?

ಪ್ರಶ್ನೆ: ಸರ್, ಆರು ಜನರ ಟೇಬಲ್‌ನಲ್ಲಿ ಆನ್‌ಲೈನ್ ನೋ-ಲಿಮಿಟ್ ಹೋಲ್ಡೆಮ್ (ಕೈಯಲ್ಲಿ ಎರಡು ಎಲೆ, ಮಧ್ಯೆ ಎಲ್ಲರಿಗೂ ಸೇರಿ ಐದು ಎಲೆ, ಬೆಟ್‌ಗೆ ಮಿತಿ ಇಲ್ಲದ ಪೋಕರ್) ಆಡ್ತೀನಿ, ತೀರಾ ಚಿಕ್ಕ ಸ್ಟೇಕ್ (ಕಟ್ಟೋ ದುಡ್ಡು). ಇಲ್ಲಿ ಯಾರಿಗೂ ಆಟವೇ ಬರಲ್ಲ. ನಾನು ರೇಸ್ ಮಾಡಿದ್ರೆ (ಬೆಟ್ ಏರಿಸಿದ್ರೆ) ಏಳು-ಎರಡರಂಥ ಕೆಟ್ಟ ಎಲೆ ಹಿಡ್ಕೊಂಡೂ ಕಾಲ್ ಮಾಡ್ತಾರೆ (ಅಷ್ಟೇ ದುಡ್ಡು ಹಾಕಿ ಆಟದಲ್ಲಿ ಉಳೀತಾರೆ), ಕೊನೆಗೆ ಎರಡು ಜೋಡಿ ಮಾಡಿ ಪಾಟ್ (ಮಧ್ಯೆ ಸೇರಿದ ದುಡ್ಡು) ಬಾಚ್ಕೊಂಡು ಹೋಗ್ತಾರೆ. ನಿನ್ನೆ ಎರಡು ಸಲ ನನ್ನ ಜೋಡಿ ಎಕ್ಕ ಮಣ್ಣುಪಾಲಾಯ್ತು. ಬ್ಲಫ್ ಒಂದೂ ನಡೆಯಲ್ಲ. ನನ್ನ ರೇಸ್‌ಗೆ ಮರ್ಯಾದೆ ಕೊಡೋ ಜನ ಇರೋ ಮೇಲಿನ ಸ್ಟೇಕ್‌ಗೆ ಹೋಗ್ಲಾ?

ಉತ್ತರ: ಬೇಡ. ನೀವು ಯಾರನ್ನು ಬೈತಾ ಇದ್ದೀರೋ ಅವರಿಂದಲೇ ನಿಮಗೆ ಗಳಿಕೆ. ಮರ್ಯಾದೆ ಕೊಡುವವರು ಚಿಪ್ ಕೊಡುವುದಿಲ್ಲ.

ಮೊದಲು ಎಕ್ಕದ ಲೆಕ್ಕ. ಕೊನೆಯ ಎಲೆವರೆಗೂ ನಿಂತರೆ, ಜೋಡಿ ಎಕ್ಕ ಯಾವುದೋ ಎರಡು ಎಲೆ ಹಿಡಿದ ಒಬ್ಬನ ಎದುರು ಸುಮಾರು 85% ಗೆಲ್ಲುತ್ತದೆ. ಅಂಥ ಐವರೂ ನಿಂತರೆ ಅದೇ 49%ಕ್ಕೆ ಇಳಿಯುತ್ತದೆ. ಆರು ಜನ ಹಾಕಿದ ಪಾಟ್‌ನಲ್ಲಿ ಅರ್ಧ ನಿಮ್ಮದು ಅಂದರೆ ಅಳುವಂಥದ್ದೇನಲ್ಲ, ಸೋತ ಆ ಅರ್ಧ ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಹಾಗಾಗಿ ಮಧ್ಯದ ಎಲೆಗಳು ಬೀಳುವ ಮುಂಚೆಯೇ ದೊಡ್ಡದಾಗಿ ರೇಸ್ ಮಾಡಿ. ನಾನಾದರೆ ಬಿಗ್ ಬ್ಲೈಂಡ್‌ನ (ಎಲೆ ನೋಡುವ ಮೊದಲೇ ಒಬ್ಬ ಹಾಕಲೇಬೇಕಾದ ಬೆಟ್) ನಾಲ್ಕರಷ್ಟು, ಜೊತೆಗೆ ಮೊದಲೇ ಲಿಂಪ್ ಮಾಡಿ (ರೇಸ್ ಮಾಡದೆ ಆ ಬ್ಲೈಂಡ್‌ನಷ್ಟೇ ಹಾಕಿ) ಕೂತ ಒಬ್ಬೊಬ್ಬರಿಗೂ ಇನ್ನೊಂದೊಂದು ಬ್ಲೈಂಡ್ ಸೇರಿಸುತ್ತೇನೆ.

ಬ್ಲಫ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅರ್ಧ ಪಾಟ್ ಬೆಟ್ ಕಟ್ಟಿ ಹುಸಿಯಾಡಿದರೆ ಮೂರರಲ್ಲಿ ಒಂದು ಸಲಕ್ಕಿಂತ ಹೆಚ್ಚು ಎದುರಾಳಿ ಫೋಲ್ಡ್ ಮಾಡಬೇಕು (ಎಲೆ ಎಸೆದು ಆ ಆಟ ಬಿಡಬೇಕು), ಇಲ್ಲದಿದ್ದರೆ ನಷ್ಟ. ಫೋಲ್ಡ್ ಬಟನ್ ಎಲ್ಲಿದೆ ಅಂತಲೇ ಗೊತ್ತಿಲ್ಲದವನ ಮೇಲೆ ಅದನ್ನು ಯಾಕೆ ಪ್ರಯೋಗಿಸುತ್ತೀರಿ?

ನಿಜವಾದ ಲಾಭ ಇರುವುದು ಬೆಟ್‌ನ ಗಾತ್ರದಲ್ಲಿ. ನಿಮ್ಮ ಕೈಯಲ್ಲಿ ಎಕ್ಕ-ರಾಜ, ಎರಡೂ ಕಪ್ಪು. ಫ್ಲಾಪ್‌ನಲ್ಲಿ (ಮಧ್ಯೆ ಬೀಳುವ ಮೊದಲ ಮೂರು ಎಲೆ) ಎಕ್ಕ, ಎಂಟು, ಮೂರು. ಅದರಲ್ಲಿ ಎರಡು ಆಟೀನು. ಪಾಟ್ 20 ಚಿಪ್. ಎದುರಿನವನ ಹತ್ತಿರ ಇನ್ನೆರಡು ಆಟೀನು, ಫ್ಲಶ್‌ಗೆ (ಒಂದೇ ಜಾತಿಯ ಐದು ಎಲೆಗೆ) ಕಾಯುತ್ತಿದ್ದಾನೆ. ಮುಂದಿನ ಎಲೆಯಲ್ಲಿ ಅದು ಬೀಳುವುದು ಐದರಲ್ಲಿ ಒಂದು ಸಲ. ನೀವು 10 ಕಟ್ಟಿದರೆ ಅವನು ನಾಲ್ಕು ಸಲ ಹತ್ತತ್ತು ಕಳೆದುಕೊಂಡು, ಒಂದು ಸಲ 30 ಗೆಲ್ಲುತ್ತಾನೆ: ಸರಾಸರಿ ಕಾಲ್‌ಗೆ 2 ಚಿಪ್ ನಷ್ಟ. 20 ಕಟ್ಟಿದರೆ ನಾಲ್ಕು ಸಲ 20 ಹೋಗಿ, ಒಂದು ಸಲ 40 ಬರುತ್ತದೆ: ನಷ್ಟ 8. ಬೆಟ್ ದುಪ್ಪಟ್ಟಾಯಿತು, ಅವನ ತಪ್ಪಿನ ಬೆಲೆ ನಾಲ್ಕು ಪಟ್ಟಾಯಿತು. (ಮುಂದಿನ ಸುತ್ತಿನ ಬೆಟ್ಟಿಂಗ್ ಇದರಲ್ಲಿ ಸೇರಿಲ್ಲ.) ಅವನು ಎರಡಕ್ಕೂ ಕಾಲ್ ಮಾಡುವವನೇ ಆದರೆ 10 ಯಾಕೆ ಕಟ್ಟಬೇಕು? ಒಳ್ಳೆಯ ಆಟಗಾರರ ಎದುರು ಗಾತ್ರ ನೋಡಿ ಕೈ ಗೊತ್ತಾಗಿಬಿಡುತ್ತದೆ ಅನ್ನೋ ಭಯ ಇರುತ್ತದೆ. ಇವರು ತಮ್ಮ ಎಲೆ ಬಿಟ್ಟು ಬೇರೇನೂ ನೋಡುವುದಿಲ್ಲ.

ಇನ್ನೊಬ್ಬ ಸದಸ್ಯೆ: ಸರ್, ಅಂಥವನೇ ಒಬ್ಬ, ಪೂರ್ತಿ ಕಾಲ್ ಮಾಡ್ತಾ ಬಂದು ರಿವರ್‌ನಲ್ಲಿ (ಮಧ್ಯದ ಕೊನೆಯ ಎಲೆ ಬಿದ್ದಮೇಲೆ) ಇದ್ದಕ್ಕಿದ್ದಂತೆ ರೇಸ್ ಮಾಡಿದ. ನನ್ನ ಹತ್ತಿರ ಎಕ್ಕದ ಜೋಡಿ, ಜೊತೆಗೆ ರಾಣಿ. ಕಾಲ್ ಮಾಡಿ ಸೋತೆ. ಬಿಡಬೇಕಿತ್ತಾ?

ಉತ್ತರ: ಹೌದು ಮೇಡಂ, ಬಿಡಬೇಕಿತ್ತು. ಗಂಟೆಗಟ್ಟಲೆ ಬಾಯಿ ಬಿಡದವನು ಮಾತಾಡಿದ ಅಂದರೆ ನಂಬಬೇಕು. ಅಂಥವನ ರಿವರ್ ರೇಸ್ ಮುಂದೆ ಒಂದು ಜೋಡಿಯನ್ನು ನಾನು ಯೋಚನೆ ಮಾಡದೆ ಎಸೆಯುತ್ತೇನೆ. ಆದರೆ ಕೈ ಕೈಗೂ ರೇಸ್ ಮಾಡುವ ಹುಚ್ಚ ಬೇರೆ ಜಾತಿ, ಅವನ ಎದುರು ಅದೇ ಜೋಡಿಗೆ ಕಾಲ್ ಮಾಡಬಹುದು. ಇಬ್ಬರನ್ನೂ ಒಂದೇ ಮೂಟೆಗೆ ಕಟ್ಟಬೇಡಿ.

ಮೊದಲ ಪ್ರಶ್ನೆ ಕೇಳಿದವರು: ಹೀಗೆ ಆಡಿದ್ರೆ ಎಷ್ಟು ದಿನದಲ್ಲಿ ಗೊತ್ತಾಗುತ್ತೆ ಸರ್?

ಉತ್ತರ: ದಿನ ಎಣಿಸಬೇಡಿ, ಕೈ (ಎಲೆ ಹಂಚಿ ಆಡಿದ ಒಂದೊಂದು ಆಟ) ಎಣಿಸಿ. ನೂರು ಕೈಗೆ 5 ಬಿಗ್ ಬ್ಲೈಂಡ್ ಗೆಲ್ಲುವ ಸಾಮರ್ಥ್ಯ ಇರುವವನೂ 10,000 ಕೈ ಆದಮೇಲೆ ನಷ್ಟದಲ್ಲಿರುವುದು ಅಪರೂಪವೇನಲ್ಲ, ಆಟದ ಏರಿಳಿತ ಅಷ್ಟಿದೆ. ಜೊತೆಗೆ ಪ್ರತಿ ಪಾಟ್‌ನಿಂದ ಸೈಟ್ ಮುರಿದುಕೊಳ್ಳುವ ರೇಕ್ ಚಿಕ್ಕ ಸ್ಟೇಕ್‌ನಲ್ಲೇ ಹೆಚ್ಚು ಕಚ್ಚುತ್ತದೆ. ಕಳೆದುಕೊಂಡರೆ ನಿದ್ದೆ ಕೆಡುವಂಥ ದುಡ್ಡನ್ನು ಟೇಬಲ್‌ಗೆ ತರಲೇಬೇಡಿ.

ಮೊದಲ ಪ್ರಶ್ನೆ ಕೇಳಿದವರು: ನಿನ್ನೆ ಆ ಏಳು-ಎರಡಿನವನಿಗೆ ಚಾಟ್‌ನಲ್ಲಿ ಚೆನ್ನಾಗಿ ಬೈದೆ ಸರ್. ಎದ್ದು ಹೋದ.

ಉತ್ತರ: ಅಯ್ಯೋ, ಅವನ ಸೀಟಿಗೆ ಯಾರು ಬಂದು ಕೂತರು ಅಂತ ನೋಡಿದಿರಾ? ಚಾಟ್ ಮುಚ್ಚಿಡಿ. ಇನ್ನೊಮ್ಮೆ ಅಂಥವನು ಸಿಕ್ಕಿದರೆ, ಸಾಧ್ಯವಾದರೆ ಅವನ ಎಡಗಡೆ ಸೀಟು ಹಿಡಿಯಿರಿ. ಆಗ ಹೆಚ್ಚಿನ ಕೈಗಳಲ್ಲಿ ಅವನು ಏನು ಮಾಡಿದ ಅಂತ ನೋಡಿದ ಮೇಲೆಯೇ ನಿಮ್ಮ ಸರದಿ ಬರುತ್ತದೆ.