ಮಕ್ಕಳ ಆಟ ಮತ್ತು ಮಾತಿಲ್ಲದ ಶತ್ರು

ಎಲ್ಲರಿಗೂ ನಮಸ್ಕಾರ. ಮಕ್ಕಳ ವಿಡಿಯೊ ಗೇಮ್‌ಗಳನ್ನು ಪೂರ್ತಿಯಾಗಿ ನಿಲ್ಲಿಸಿಬಿಡಬೇಕೇ ಎಂದು ಕಳೆದ ವಾರ ಇಲ್ಲಿ ಒಬ್ಬರು ಕೇಳಿದ್ದರು. ಸಿಂಗಪುರದಲ್ಲಿ ಹದಿಮೂರು ವರ್ಷದ ಮಗನನ್ನು ಬೆಳೆಸುತ್ತಿರುವ ನನಗೂ ಅದೇ ಚಿಂತೆ ಇತ್ತು. ಉಗ್ರ ಸಂಘಟನೆಗಳು ತಮ್ಮ ಪ್ರಚಾರಕ್ಕೆಂದೇ ತಯಾರಿಸಿದ ಆಟಗಳ ಬಗ್ಗೆ ಓದತೊಡಗಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಲೆಬನಾನಿನ ಹಿಜ್ಬುಲ್ಲಾ 2003ರಲ್ಲಿ ‘ಸ್ಪೆಷಲ್ ಫೋರ್ಸ್’ ಎಂಬ ಆಟವನ್ನು ಹೊರತಂದಿತು. ದಕ್ಷಿಣ ಲೆಬನಾನಿನಲ್ಲಿ ಇಸ್ರೇಲಿ ಸೈನ್ಯದೊಡನೆ ತಾನು ನಡೆಸಿದ ಕಾಳಗಗಳನ್ನೇ ಅದರಲ್ಲಿ ಕಟ್ಟಿಕೊಟ್ಟಿತ್ತು. ಆಟಗಾರ ಗುರಿ ಹಿಡಿಯುವುದನ್ನು ಕಲಿಯಲು ಇಟ್ಟ ಚಿತ್ರಗಳಲ್ಲಿ ಆಗಿನ ಇಸ್ರೇಲಿ ಪ್ರಧಾನಿ ಏರಿಯಲ್ ಶರೋನ್ ಅವರದೂ ಇತ್ತು. 2006ರ ಯುದ್ಧವಾದ ಮರುವರ್ಷ ಎರಡನೆಯ ಭಾಗ ಬಂತು, 2018ರಲ್ಲಿ ಸಿರಿಯಾದ ಯುದ್ಧವನ್ನು ಕುರಿತ ಇನ್ನೊಂದು ಬಂತು. ಇವೆಲ್ಲಕ್ಕೂ ಮುಂಚೆ, 2002ರಲ್ಲಿ, ಅಮೆರಿಕದಲ್ಲಿ ಬಿಳಿಯರೇ ಶ್ರೇಷ್ಠರೆಂದು ಸಾರುವ ‘ನ್ಯಾಷನಲ್ ಅಲಯನ್ಸ್’ ಸಂಘಟನೆಯ ಸಂಗೀತ ಕಂಪನಿಯೊಂದು, ಕಪ್ಪು ಜನರನ್ನೂ ಲ್ಯಾಟಿನೊ ಜನರನ್ನೂ ಯಹೂದಿಗಳನ್ನೂ ಕೊಲ್ಲುವುದನ್ನೇ ಆಟವಾಗಿಸಿದ ‘ಎಥ್ನಿಕ್ ಕ್ಲೆನ್ಸಿಂಗ್’ ಅನ್ನು ಮಾರಾಟಕ್ಕೆ ಬಿಟ್ಟಿತ್ತು. ಅದರಲ್ಲಿಯೂ ಕೊನೆಗೆ ಎದುರಾಗುವ ಶತ್ರು ಶರೋನ್ ಅವರೇ. ಅಷ್ಟೇ ಅಲ್ಲ, ಒಂದಕ್ಕೊಂದು ಯಾವ ಸಂಬಂಧವೂ ಇಲ್ಲದ ಈ ಎರಡು ಸಂಘಟನೆಗಳ ಆಟಗಳೂ ನಿಂತದ್ದು ‘ಜೆನೆಸಿಸ್ 3ಡಿ’ ಎಂಬ ಒಂದೇ ಗೇಮ್ ಎಂಜಿನ್, ಅಂದರೆ ಆಟ ಕಟ್ಟಲು ಬಳಸುವ ಸಿದ್ಧ ಸಾಫ್ಟ್‌ವೇರ್, ಮೇಲೆ.

2006ರಲ್ಲಿ ಅಲ್ ಖೈದಾದ ಪರ ಪ್ರಚಾರ ಮಾಡುತ್ತಿದ್ದ ‘ಗ್ಲೋಬಲ್ ಇಸ್ಲಾಮಿಕ್ ಮೀಡಿಯಾ ಫ್ರಂಟ್’ ಹೊಸ ಆಟ ಕಟ್ಟುವ ಗೋಜಿಗೇ ಹೋಗಲಿಲ್ಲ. ಸದ್ದಾಂ ಹುಸೇನ್ ಅವರನ್ನು ಬೇಟೆಯಾಡುವ ಅಮೆರಿಕದ ಆಟವೊಂದನ್ನು ಎತ್ತಿಕೊಂಡು, ಸದ್ದಾಂ ಇದ್ದ ಜಾಗದಲ್ಲಿ ಜಾರ್ಜ್ ಬುಷ್ ಅವರನ್ನು ಕೂರಿಸಿ ಹಂಚಿತು.

ಇದನ್ನು ಓದಿ ಹೇಳಿದಾಗ ನನ್ನ ಮಗ, “ಅಷ್ಟೇನಾ ಅಮ್ಮ? ಸ್ಕಿನ್ ಬದಲಾಯಿಸಿದ್ದಾರೆ” ಎಂದು ಊಟದ ಮೇಜಿನ ಮೇಲೆಯೇ ಲ್ಯಾಪ್‌ಟಾಪ್ ತೆರೆದು ತೋರಿಸಿದ. ಹಸಿರು ಅಂಗಿಯ ಗೊಂಬೆ ಒಂದು ಕ್ಲಿಕ್‌ಗೆ ಪೊಲೀಸನಾಯಿತು, ಇನ್ನೊಂದು ಕ್ಲಿಕ್‌ಗೆ ಕಳ್ಳನಾಯಿತು. ನಡಿಗೆ ಅದೇ, ಕೈ ಬೀಸುವ ರೀತಿಯೂ ಅದೇ. ಅಮೆರಿಕದ ಸೈನ್ಯ ಯುವಕರನ್ನು ಸೆಳೆಯಲು 2002ರ ಜುಲೈ 4ರಂದು ಉಚಿತವಾಗಿ ಬಿಡುಗಡೆ ಮಾಡಿದ ‘ಅಮೆರಿಕಾಸ್ ಆರ್ಮಿ’ ಎಂಬ ಆಟದಲ್ಲೂ ಹೀಗೆಯೇ: ಎರಡು ತಂಡಗಳು ಎದುರುಬದುರಾದಾಗ, ಪ್ರತಿಯೊಂದು ತಂಡಕ್ಕೂ ತಾನೇ ಅಮೆರಿಕದ ಸೈನ್ಯವಾಗಿ, ಎದುರಿನವರು ಶತ್ರುಗಳಾಗಿ ಕಾಣುತ್ತಿದ್ದರು. ಸರ್ಕಾರದ ಸೈನ್ಯವನ್ನೂ ಉಗ್ರ ಸಂಘಟನೆಯನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೆ ಆಟದಲ್ಲಿ ‘ಶತ್ರು’ ಎಂಬುದು ಬರೀ ತೊಡಿಸಿದ ವೇಷ ಎಂದು ಮಗುವಿಗೆ ವಿವರಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ನಾನು ಹೊನ್ನಾವರದ ಕಡೆಯವಳು, ಯಕ್ಷಗಾನ ನೋಡಿ ಬೆಳೆದವಳು. ಅಲ್ಲಿ ರಾವಣನಿಗೂ ಒಡ್ಡೋಲಗವುಂಟು, ಕೌರವನೂ ತನ್ನ ಪಕ್ಷವನ್ನು ತಾನೇ ಮಂಡಿಸುತ್ತಾನೆ. ತಾಳಮದ್ದಳೆಯಲ್ಲಂತೂ ಒಳ್ಳೆಯ ಅರ್ಥಧಾರಿ ಸಿಕ್ಕರೆ, ಸೋಲುವವನ ಮಾತಿಗೂ ಸಭೆ ತಲೆದೂಗುತ್ತದೆ. ಪ್ರಚಾರದ ಆಟಗಳಲ್ಲಿ ಎದುರಾಳಿ ಮಾತಾಡುವುದೇ ಇಲ್ಲ, ಅವನು ಬರುವುದು ಸಾಯುವುದಕ್ಕೆ ಮಾತ್ರ. ರಕ್ತಪಾತಕ್ಕಿಂತ ಈ ಮೂಕತನವೇ ನನ್ನನ್ನು ಹೆಚ್ಚು ಹೆದರಿಸುತ್ತದೆ.

ಈಗ ಸಂಘಟನೆಗಳು ತಾವೇ ಆಟ ತಯಾರಿಸಬೇಕಾಗಿಯೂ ಇಲ್ಲ. 2023ರ ಫೆಬ್ರುವರಿಯಲ್ಲಿ ಸಿಂಗಪುರದ ಆಂತರಿಕ ಭದ್ರತಾ ಇಲಾಖೆ ಹದಿನಾರು ವರ್ಷದ ಹುಡುಗನೊಬ್ಬನ ಪ್ರಕರಣವನ್ನು ಬಹಿರಂಗಪಡಿಸಿತು. ಬಳಕೆದಾರರೇ ಆಟಗಳನ್ನು ಕಟ್ಟಿ ಒಟ್ಟಿಗೆ ಆಡುವ ರೋಬ್ಲಾಕ್ಸ್ ಎಂಬ ಆನ್‌ಲೈನ್ ವೇದಿಕೆಯಲ್ಲಿ, ಐಸಿಸ್ ಉಗ್ರರು ಕಾದಾಡಿದ್ದ ಸಿರಿಯಾವನ್ನೂ ಫಿಲಿಪ್ಪೀನ್ಸ್‌ನ ಮರಾವಿ ನಗರವನ್ನೂ ಹೋಲುವಂತೆ ಯಾರೋ ಕಟ್ಟಿದ್ದ ಐಸಿಸ್ ಸರ್ವರ್‌ಗಳಿಗೆ (ಹಲವರು ಸೇರಿ ಆಡುವ ಆಟದ ತಾಣಗಳಿಗೆ) ಅವನು ಸೇರಿದ್ದ, ಆಟದೊಳಗಿನ ನಾಯಕನಿಗೆ ನಿಷ್ಠೆಯ ಪ್ರಮಾಣ ಮಾಡಿದ್ದ, ಆಟದ ದೃಶ್ಯಗಳಿಂದ ಪ್ರಚಾರದ ವಿಡಿಯೊಗಳನ್ನೂ ಮಾಡಿದ್ದ. ಹದಿನಾರರ ಹುಡುಗನಿಗೆ ಅಲ್ಲಿ ಸಿಕ್ಕಿದ್ದು ಬಂದೂಕಿಗಿಂತ ಹೆಚ್ಚಾಗಿ ಒಂದು ಸ್ಥಾನ, ‘ನೀನು ನಮ್ಮವನು’ ಎಂಬ ಮಾತು. ಹೊರದೇಶದಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ, ಶಾಲೆಯಲ್ಲೂ ಪೂರ್ತಿ ಸೇರದೆ ಊರಿಗೆ ಹೋದಾಗಲೂ ಪೂರ್ತಿ ಸೇರದೆ ಇರುವವರಿಗೆ, ಆ ಮಾತು ಎಷ್ಟು ಹಿತವಾಗಿ ಕೇಳಿಸಬಹುದು ಎಂಬುದನ್ನು ಇಲ್ಲಿರುವ ತಂದೆ ತಾಯಿಗಳು ದಯವಿಟ್ಟು ಯೋಚಿಸಬೇಕು.

ಆ ಪ್ರಕರಣವನ್ನು ಮಗನಿಗೆ ಹೇಳಿದ ರಾತ್ರಿ, ತನಗೂ ಅಂಥದೊಂದು ಸೈನ್ಯದ ಸರ್ವರ್‌ಗೆ ಆಹ್ವಾನ ಬಂದಿತ್ತೆಂದು ಅವನು ತಾನಾಗಿಯೇ ಹೇಳಿದ. ಎರಡು ದಿನ ಅಲ್ಲಿದ್ದನಂತೆ, ಪದವಿಯೂ ಸಿಕ್ಕಿತ್ತಂತೆ. ಗೇಮ್ ನಿಲ್ಲಿಸಿಬಿಟ್ಟಿದ್ದರೆ ಈ ಮಾತು ನನ್ನ ಕಿವಿಗೆ ಬೀಳುತ್ತಿರಲಿಲ್ಲ. ನಿಲ್ಲಿಸಬೇಡಿ, ಪಕ್ಕದಲ್ಲಿ ಕುಳಿತುಕೊಳ್ಳಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಏಕೆ ಬಿಟ್ಟುಬಂದೆ ಎಂದು ಕೇಳಿದೆ. “ನಾವು ಯಾರ ಜೊತೆ ಯುದ್ಧ ಮಾಡ್ತಿದ್ದೇವೆ ಅಂತ ಕೇಳಿದೆ ಅಮ್ಮ, ಹೊರಗೆ ಹಾಕಿದರು” ಎಂದ.