ಎರಡು ಕಂಪನಿ, ಎರಡರಲ್ಲೂ 94! ನೆಟ್ ಸ್ಪೀಡ್ ಪ್ರಶ್ನೋತ್ತರ

ಅಡ್ಮಿನ್: ಯಾವ ಕಂಪನಿಯ ಇಂಟರ್ನೆಟ್ ಫಾಸ್ಟ್ ಅಂತ ಗ್ರೂಪಿನಲ್ಲಿ ದಿನಾ ಜಗಳ. ನಮ್ಮ ನೆಟ್‌ವರ್ಕ್ ಇಂಜಿನಿಯರ್ ಇವತ್ತು ಸಂಜೆ ಉತ್ತರ ಕೊಡಲು ಒಪ್ಪಿದ್ದಾರೆ. ಪ್ರಶ್ನೆ ಕೇಳಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ನಿವೃತ್ತ ಮೇಷ್ಟ್ರು: ನಮಸ್ಕಾರ ಸರ್. 100ರ ಪ್ಲಾನ್ ಹಾಕಿಸಿದ್ದೇನೆ. ಫೈಲ್ ಇಳಿಸುವಾಗ 12 ಅಂತ ತೋರಿಸುತ್ತದೆ. ಪಕ್ಕದ ಮನೆಯವರದು ಬೇರೆ ಕಂಪನಿ, ಅವರ ಟೆಸ್ಟಿನಲ್ಲಿ 95 ಬಂತಂತೆ. ನನಗೆ ಟೋಪಿ ಹಾಕಿದ್ದಾರಾ?

ಇಂಜಿನಿಯರ್: ನಮಸ್ಕಾರ ಮೇಷ್ಟ್ರೇ. ಟೋಪಿ ಇಲ್ಲ. ಪ್ಲಾನಿನಲ್ಲಿ ಹೇಳುವುದು ಮೆಗಾಬಿಟ್, ಫೈಲ್ ಇಳಿಯುವಾಗ ಕಾಣುವುದು ಮೆಗಾಬೈಟ್. 8 ಬಿಟ್ ಸೇರಿದರೆ 1 ಬೈಟ್. 100ನ್ನು 8ರಿಂದ ಭಾಗಿಸಿ, 12.5 ಬರುತ್ತದೆ. ನೀವೂ ಪಕ್ಕದವರೂ ಹೆಚ್ಚೂಕಮ್ಮಿ ಸಮ.

ಮೇಲಿನ ಮಹಡಿ: ಸರ್, ನನ್ನದು ವಿಚಿತ್ರ. ಮೊದಲು 200ರ ಕನೆಕ್ಷನ್ ಇತ್ತು, ಯಾವಾಗ ನೋಡಿದರೂ 94. ಬೇಜಾರಾಗಿ ಇನ್ನೊಂದು ಕಂಪನಿಯ 300 ಹಾಕಿಸಿದೆ. ಅದರಲ್ಲೂ 94! ಬೆಳಿಗ್ಗೆ 94, ರಾತ್ರಿ 94. ವೈಫೈ ಅಲ್ಲ, ಕಂಪ್ಯೂಟರಿಗೆ ಕೇಬಲ್ ಹಾಕಿಯೇ ನೋಡಿದ್ದು.

ಗೇಮರ್: ಇಬ್ರೂ ಕಳ್ಳರೇ ಗುರು

ಇಂಜಿನಿಯರ್: ಇದು ಮಜವಾಗಿದೆ, ಸ್ವಲ್ಪ ಉದ್ದ ಬರೆಯುತ್ತೇನೆ. ಕಂಪನಿಯ ಕಡೆ ರಶ್ ಇದ್ದರೆ ಸ್ಪೀಡ್ ಒಂದೇ ಕಡೆ ನಿಲ್ಲುವುದಿಲ್ಲ. ಬೆಳಿಗ್ಗೆ 180 ಬಂದರೆ ರಾತ್ರಿ 60 ಬರುತ್ತದೆ. ನಿಮ್ಮದು ಅಲ್ಲಾಡುವುದೇ ಇಲ್ಲ. 94 ಅಂದ ಕೂಡಲೇ ನಮ್ಮ ಕೆಲಸದವರಿಗೆ ಹೊಳೆಯುವುದು ಲ್ಯಾನ್ ಲಿಂಕ್, ಅಂದರೆ ಕಂಪ್ಯೂಟರಿಗೂ ರೂಟರಿಗೂ ನಡುವಿನ ಕೊಂಡಿ, 100ಕ್ಕೆ ಇಳಿದಿದೆ ಅಂತ. ಡೇಟಾ ಹೋಗುವುದು ಪ್ಯಾಕೆಟ್ ಅನ್ನುವ ಸಣ್ಣ ಸಣ್ಣ ಕಟ್ಟುಗಳಲ್ಲಿ. ಆ 100ರಲ್ಲಿ ಐದಾರು ಪಾಲು ಪ್ಯಾಕೆಟ್ಟುಗಳ ಮೇಲಿನ ವಿಳಾಸಕ್ಕೆ, ಮಧ್ಯದ ಬಿಡುವಿಗೆ ಹೋಗುತ್ತದೆ. ಕೈಗೆ ಸಿಗುವುದು 94, 95.

ಈಗ ಯೋಚಿಸಿ. ಕಂಪನಿ ಬದಲಾಯಿತು, ರೂಟರ್ ಬದಲಾಯಿತು. ಹಾಗೇ ಉಳಿದದ್ದು ಕಂಪ್ಯೂಟರ್ ಮತ್ತು ಅದರ ಕೇಬಲ್. ಲ್ಯಾನ್ ಕೇಬಲಿನಲ್ಲಿ 8 ತಂತಿ, ಅಂದರೆ 4 ಜೋಡಿ. 1000ದ ಲಿಂಕಿಗೆ ನಾಲ್ಕೂ ಜೋಡಿ ಬೇಕು. 100ಕ್ಕೆ ಎರಡೇ ಸಾಕು. ನೀಲಿ ಜೋಡಿಯಲ್ಲೋ ಕಂದು ಜೋಡಿಯಲ್ಲೋ ಒಂದು ತಂತಿ ತುಂಡಾದರೆ ನೆಟ್ ನಿಲ್ಲುವುದಿಲ್ಲ. ಸದ್ದಿಲ್ಲದೆ 100ಕ್ಕೆ ಇಳಿದು ಓಡುತ್ತಿರುತ್ತದೆ. ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ, ಅದೇ ಇದರ ಕೆಟ್ಟ ಗುಣ. ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಲಿಂಕ್ ಸ್ಪೀಡ್ ಎಷ್ಟಿದೆ ನೋಡಿ. ಕೇಬಲನ್ನು ಈ ತುದಿಯಿಂದ ಆ ತುದಿವರೆಗೆ ಕೈಯಾಡಿಸಿ ನೋಡಿ.

ಮೇಲಿನ ಮಹಡಿ: 100/100 ಅಂತಿದೆ ಸರ್! ಕೇಬಲ್ ಮೇಜಿನ ಕಾಲಡಿ ಸಿಕ್ಕಿ ಚಪ್ಪಟೆಯಾಗಿದೆ. ಒಂದು ತುದಿಯ ಪ್ಲಾಸ್ಟಿಕ್ ಕ್ಲಿಪ್ಪೂ ಮುರಿದಿದೆ, ಪೋರ್ಟಿನಲ್ಲಿ ಲೊಡಲೊಡ ಅನ್ನುತ್ತೆ.

ಇಂಜಿನಿಯರ್: ಇಷ್ಟು ದಿನ ನೀವು ಅಳೆದದ್ದು ಆ ಮೇಜಿನ ಕಾಲನ್ನು. ಕೇಬಲ್ ಬದಲಿಸಿ, ಎರಡೂ ಕನೆಕ್ಷನ್ ಟೆಸ್ಟ್ ಮಾಡಿ ಇಲ್ಲಿ ಹಾಕಿ. ಆಗಲೂ 94 ಬಂದರೆ ಕಂಪ್ಯೂಟರಿನ ಪೋರ್ಟೇ 100ರದು ಇರಬಹುದು.

ಆನ್‌ಲೈನ್ ಟೀಚರ್: ಸರ್, ಡೌನ್‌ಲೋಡ್ 80 ಬರುತ್ತೆ, ಅಪ್‌ಲೋಡ್ 3. ಮಕ್ಕಳ ವಿಡಿಯೋ ನನಗೆ ಚೆನ್ನಾಗಿ ಕಾಣುತ್ತೆ, ನನ್ನದು ಮಾತ್ರ ಅವರಿಗೆ ಒಡೆಯುತ್ತೆ. ಕಂಪನಿ ಬದಲಿಸಲಾ?

ಶುಭೋದಯ ಮಾಮ: *ಎಲ್ಲರಿಗೂ ಕಳಿಸಿ* ರೂಟರ್ ಹಿಂದೆ ಅಲ್ಯೂಮಿನಿಯಂ ಹಾಳೆ ಇಡಿ. ಡಿಎನ್ಎಸ್ 8.8.8.8 ಮಾಡಿ. ಫೈಬರ್ ತುದಿ ಬಿಚ್ಚಿ ಬೆಳಕು ಬರುತ್ತಿದೆಯಾ ನೋಡಿ, ಬಟ್ಟೆಯಲ್ಲಿ ಒರೆಸಿ. ಸ್ಪೀಡ್ ಮೂರು ಪಟ್ಟು!!!

ಇಂಜಿನಿಯರ್: ಫೈಬರ್ ತುದಿಯೊಳಗೆ ಯಾರೂ ಇಣುಕಬೇಡಿ. ಅದರಲ್ಲಿ ಬರುವುದು ಕಣ್ಣಿಗೆ ಕಾಣದ ಲೇಸರ್. ಕಾಣಲಿಲ್ಲ ಅಂತ ಇನ್ನೂ ಹತ್ತಿರ ಹಿಡಿದರೆ ಕಣ್ಣಿಗೇ ಅಪಾಯ. ಬಟ್ಟೆಯಲ್ಲಿ ಒರೆಸಿದರೆ ದೂಳು ಕೂತು, ಗೀರು ಬಿದ್ದು ಇದ್ದ ಸಿಗ್ನಲ್ಲೂ ಹೋಗುತ್ತದೆ. ಡಿಎನ್ಎಸ್ ಹೆಸರಿನಿಂದ ವಿಳಾಸ ಹುಡುಕಿಕೊಡುತ್ತದೆ, ಡೌನ್‌ಲೋಡ್ ಸ್ಪೀಡ್ ಹೆಚ್ಚಿಸುವುದಿಲ್ಲ. ಹಾಳೆ ಇಟ್ಟರೆ ಅದರ ಹಿಂದಿನ ಕೋಣೆಗೆ ವೈಫೈ ಸರಿಯಾಗಿ ಸಿಗುವುದಿಲ್ಲ. ಅಡ್ಮಿನ್, ಇದನ್ನು ಡಿಲೀಟ್ ಮಾಡಿ.

ಶುಭೋದಯ ಮಾಮ: ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ 🙏

ಟೆರೇಸ್ 5ಜಿ: ವೈರೇ ಬೇಡ. ನನ್ನ 5ಜಿ ಡಬ್ಬದಲ್ಲಿ 400 ಬರುತ್ತೆ.

ಫೈಬರ್ ಪ್ರೇಮಿ: ರಾತ್ರಿ 9ಕ್ಕೆ ಟೆಸ್ಟ್ ಮಾಡಿ ಹಾಕಿ, ನೋಡೋಣ.

ಟೆರೇಸ್ 5ಜಿ: ನಿಮ್ಮ ಫೈಬರ್ ನಿಮ್ಮೊಬ್ಬರದೇನಾ? ಅದನ್ನೂ 32 ಮನೆಗೆ ಹಂಚಿರುತ್ತಾರೆ.

ಫೈಬರ್ ಪ್ರೇಮಿ: ಟವರ್ ಹಂಚಿಕೆಗೆ ಲೆಕ್ಕ ಇದೆಯಾ? ಸುಮ್ನೆ ಬಾಯಿಗೆ ಬಂದದ್ದು ಹೇಳಬೇಡಿ.

ಇಂಜಿನಿಯರ್: 32 ಮನೆ ಸರಿ, ಕೆಲವು ಕಡೆ 64. ಮನೆಗಳ ಫೈಬರಿನಲ್ಲಿ ಜಾಸ್ತಿ ಇರುವ ಜಿಪಾನ್ (ಒಂದೇ ಫೈಬರನ್ನು ಹಲವು ಮನೆಗೆ ಹಂಚುವ ತಂತ್ರ) ಎಂಬುದರಲ್ಲಿ ಅವರಿಗೆಲ್ಲ ಸೇರಿ ಇಳಿಯಲು ಸುಮಾರು 2.5 ಗಿಗಾಬಿಟ್, ಏರಲು 1.25. ಎಲ್ಲರೂ ಒಂದೇ ಕ್ಷಣ ಎಳೆಯುವುದು ಅಪರೂಪ, ಹಾಗಾಗಿ ನಡೆಯುತ್ತದೆ. ಮುಂದೆ ಹೋಗೋಣ.

ಗೇಮರ್: ಸರ್ ಸ್ಪೀಡ್‌ಟೆಸ್ಟಿನಲ್ಲಿ 150, ಫಾಸ್ಟ್ ಡಾಟ್ ಕಾಮಿನಲ್ಲಿ 90. ಯಾವುದು ಸುಳ್ಳು?

ಇಂಜಿನಿಯರ್: ಎರಡೂ ನಿಜ. ಮೊದಲನೆಯದು ಹತ್ತಿರದ ಸರ್ವರ್ ಹುಡುಕುತ್ತದೆ, ಎಷ್ಟೋ ಸಲ ಅದು ನಿಮ್ಮ ಕಂಪನಿಯ ಒಳಗೇ ಇರುತ್ತದೆ. ಎರಡನೆಯದು ನೆಟ್‌ಫ್ಲಿಕ್ಸಿನದು, ಅವರ ಸರ್ವರಿನಿಂದ ಅಳೆಯುತ್ತದೆ. ಹೋಲಿಸುವುದಾದರೆ ಅದೇ ಆ್ಯಪ್, ಅದೇ ಸರ್ವರ್, ಅದೇ ಹೊತ್ತು. ಒಂದು ದಿನ ಸಾಲದು, ವಾರ ಅಳೆಯಿರಿ.

ಹೊಸ ಸದಸ್ಯ: 300ರ ಪ್ಲಾನಿನಲ್ಲಿ ಡೌನ್‌ಲೋಡ್ 36 ಮಾತ್ರ ಬರ್ತಿದೆ. ಮೋಸ ಅಲ್ವಾ?

ಇಂಜಿನಿಯರ್: 8ರಿಂದ ಗುಣಿಸಿ.

ಮೂಲೆ ರೂಮು: ರೂಮಿನಲ್ಲಿ ವೈಫೈ 40, ಯಾವ ಕಂಪನಿ ತಗೊಳ್ಳಲಿ?

ಇಂಜಿನಿಯರ್: ರೂಟರ್ ಪಕ್ಕ ನಿಂತು ಅಳೆಯಿರಿ.

ಮೂಲೆ ರೂಮು: ಅಲ್ಲಿ 280. ಆದರೆ ನಾನು ಕೂರೋದು ರೂಮಿನಲ್ಲಿ.

ಇಂಜಿನಿಯರ್: ಹಾಗಿದ್ದರೆ ಬದಲಿಸಬೇಕಾದ್ದು ರೂಟರಿನ ಜಾಗ.

ಫೈಬರ್ ಪ್ರೇಮಿ: 9 ಗಂಟೆ ಆಯ್ತು. 400 ಎಲ್ಲಿ?

ಟೆರೇಸ್ 5ಜಿ: ನಿಮಗೆ ಲೆಕ್ಕ ಕೊಡಬೇಕಾ ನಾನು?

ಮೇಲಿನ ಮಹಡಿ: ಹಳೇ ಡಬ್ಬದಲ್ಲಿ ಒಂದು ಕೇಬಲ್ ಸಿಕ್ಕಿತು ಸರ್. ಹಾಕಿದೆ. 291!! 🙏🙏

ಇಂಜಿನಿಯರ್: ಭೇಷ್. ಹಳೇ ಕಂಪನಿಯದು ಎಷ್ಟು ಬಂತು?

ಮೇಲಿನ ಮಹಡಿ: ಅದನ್ನು ಮೊನ್ನೆಯೇ ಬೈದು ಕ್ಯಾನ್ಸಲ್ ಮಾಡಿಸಿಬಿಟ್ಟೆ.

ಟೆರೇಸ್ 5ಜಿ: 9 ಗಂಟೆಗೆ 70 ಬಂತು, ಏನೀಗ? ನಿಮ್ಮ ಮನೆ ನೆಟ್ಟಿಗೆ ನಾನು ಬಂದಿದ್ದೇನಾ?

ಆನ್‌ಲೈನ್ ಟೀಚರ್: ಸರ್, ಅಪ್‌ಲೋಡ್ 3 ಅಂತ ಆಗಲೇ ಕೇಳಿದ್ದೆ...

ಅಡ್ಮಿನ್: ಸಾಕು. ಬೆಳಿಗ್ಗೆವರೆಗೆ ಗ್ರೂಪ್ ಲಾಕ್.