ಲೇಸರ್ ಗನ್ ಹಿಡಿದ ವೇಗ, ಸಾವಿನ ಪರಿಹಾರದ ಕೇಸಿನಲ್ಲಿ ಎಷ್ಟು ಕೆಲಸಕ್ಕೆ ಬರುತ್ತದೆ?

ಪ್ರಶ್ನೆ:
ಮೇಡಂ, ನಮಸ್ಕಾರ. ಕಳೆದ ತಿಂಗಳು ನಮ್ಮ ಅಕ್ಕನ ಗಂಡ ಹೈವೇಯಲ್ಲಿ ಬೈಕ್‌ನಲ್ಲಿ ಹೋಗುವಾಗ ಕಾರು ಗುದ್ದಿ ತೀರಿಹೋದರು. ಅವರಿಗೆ 34 ವರ್ಷ. ಸ್ವಂತ ವೆಲ್ಡಿಂಗ್ ಅಂಗಡಿ ಇತ್ತು. ಅಕ್ಕ, ಇಬ್ಬರು ಮಕ್ಕಳು, ಭಾವನ ತಾಯಿ ಎಲ್ಲರೂ ಅವರನ್ನೇ ನಂಬಿದ್ದರು. ಅಪಘಾತದ ಜಾಗಕ್ಕೆ 2 ಕಿ.ಮೀ. ಮೊದಲು ಪೊಲೀಸರ ಲೇಸರ್ ಗನ್ನಿನಲ್ಲಿ ಅದೇ ಕಾರಿನ ವೇಗ ಗಂಟೆಗೆ 118 ಕಿ.ಮೀ. ಅಂತ ಫೋಟೋ ಸಮೇತ ದಾಖಲಾಗಿದೆ. ಅಲ್ಲಿ ಮಿತಿ 100. ಕಾರಿನವರು 'ಬೈಕೇ ಅಡ್ಡ ಬಂತು' ಅಂತಿದ್ದಾರೆ. ಆ ಒಂದು ಫೋಟೋ ಸಾಕಾ?

ಉತ್ತರ (ವಕೀಲೆ):
ನಿಮ್ಮ ಅಕ್ಕನಿಗೆ ಇದು ಎಂಥಾ ಹೊತ್ತು ಅಂತ ಊಹಿಸಬಲ್ಲೆ. ಆದರೂ ಮೊದಲು ಒಂದು ಕೆಲಸ ಮಾಡಿ. ಆ ಫೋಟೋ ಮತ್ತು ರೀಡಿಂಗ್ ಅಳಿಸಿಹೋಗದಂತೆ ಕಾಪಾಡಬೇಕೆಂದು ತನಿಖಾಧಿಕಾರಿಗೆ ಇವತ್ತೇ ಬರೆದುಕೊಡಿ. ಸ್ವೀಕೃತಿ ಸಹಿ ತಗೊಳ್ಳಿ. ಉಳಿದದ್ದು ಆಮೇಲೆ.

ಫೋಟೋ ಒಂದೇ ಸಾಕಾಗುವುದಿಲ್ಲ. ಆದರೆ ಅದು ಚಿಕ್ಕ ಸಾಕ್ಷಿಯೂ ಅಲ್ಲ. ನಾನು ಫಿಸಿಕ್ಸ್ ಓದಿ ಕಾನೂನಿಗೆ ಬಂದವಳು. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲೇಸರ್ ಗನ್ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕನ್ನು, ಸಾಮಾನ್ಯವಾಗಿ 905 ನ್ಯಾನೋಮೀಟರ್‌ನದ್ದು, ಚಿಕ್ಕ ಚಿಕ್ಕ ತುಣುಕುಗಳಾಗಿ ಬಿಡುತ್ತದೆ. ಬೆಳಕು ಕಾರಿಗೆ ತಾಗಿ ಹಿಂದಿರುಗುವ ಸಮಯದಿಂದ ದೂರ ಗೊತ್ತಾಗುತ್ತದೆ. ಸೆಕೆಂಡಿನ ಮೂರನೇ ಒಂದು ಭಾಗದಲ್ಲೇ ಹೀಗೆ ಹತ್ತಾರು ಸಲ ಅಳೆದು, ದೂರ ಎಷ್ಟು ಬೇಗ ಕಡಿಮೆಯಾಗುತ್ತಿದೆ ಎಂದು ಲೆಕ್ಕ ಹಾಕುತ್ತದೆ. ಗನ್ ರಸ್ತೆ ಪಕ್ಕದಲ್ಲಿ ಓರೆಯಾಗಿ ನಿಂತಿದ್ದರೆ ರೀಡಿಂಗ್ ನಿಜವಾದ ವೇಗಕ್ಕಿಂತ ಕಡಿಮೆಯೇ ಬರುತ್ತದೆ. 10 ಡಿಗ್ರಿ ಓರೆಗೆ ಸುಮಾರು ಶೇ. 1.5 ಕಡಿಮೆ. ಅಂದರೆ ಆ ತಪ್ಪು ಚಾಲಕನಿಗೇ ಲಾಭ. ಕೈ ಅಲುಗಿ ಕಿರಣ ಕಾರಿನ ಮೈಮೇಲೆ ಜಾರಿದರೆ ಮಾತ್ರ ರೀಡಿಂಗ್ ಜಾಸ್ತಿ ಬರುವ ಸಾಧ್ಯತೆ ಇದೆ. ಎದುರು ಪಕ್ಷದ ವಕೀಲರು ಹಿಡಿಯುವುದು ಇದನ್ನೇ.

ಈ ವಾದ ಹೊಸದಲ್ಲ. ಅಮೆರಿಕದ ನ್ಯೂಜೆರ್ಸಿಯ ಕೋರ್ಟೊಂದು 1996ರಲ್ಲಿ, ಪರೀಕ್ಷೆ ಸಾಲದು ಎಂದು ಲೇಸರ್ ರೀಡಿಂಗ್ ಒಪ್ಪಲಿಲ್ಲ. ರಸ್ತೆಯಲ್ಲೇ ಪರೀಕ್ಷೆಗಳಾದ ಮೇಲೆ 1998ರಲ್ಲಿ ಒಪ್ಪಿಕೊಂಡಿತು. 1,000 ಅಡಿಗಿಂತ ದೂರದ ರೀಡಿಂಗ್‌ಗೆ ಮಾತ್ರ ತಜ್ಞರ ಸಾಕ್ಷ್ಯ ಬೇಕು ಎಂದಿತು. ನಮ್ಮಲ್ಲಿ 2021ರ ನಿಯಮದ ಪ್ರಕಾರ ಇಂಥ ಉಪಕರಣಕ್ಕೆ ರಾಜ್ಯ ಸರ್ಕಾರ ಗೊತ್ತುಮಾಡಿದ ಪ್ರಾಧಿಕಾರದ ಪ್ರಮಾಣಪತ್ರ ಇರಬೇಕು. ಅದನ್ನು ವರ್ಷವರ್ಷ ನವೀಕರಿಸಬೇಕು. ಅದರ ಪ್ರತಿ ಕೇಳಿ. ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಸರ್ಟಿಫಿಕೇಟ್, ಅಂದರೆ ಎಲೆಕ್ಟ್ರಾನಿಕ್ ದಾಖಲೆಯನ್ನು ಸಾಕ್ಷ್ಯವಾಗಿ ಕೊಡುವಾಗ ಲಗತ್ತಿಸುವ ಪ್ರಮಾಣಪತ್ರ, ಕೂಡ ಬೇಕು. ಅದಿಲ್ಲದಿದ್ದರೆ ಫೋಟೋ ಎಷ್ಟೇ ಸ್ಪಷ್ಟವಾಗಿದ್ದರೂ ತಕರಾರು ಬರುತ್ತದೆ.

ಇನ್ನು ಆ 2 ಕಿ.ಮೀ. ಪ್ರಶ್ನೆ. 118ರಲ್ಲಿ ಅಷ್ಟು ದೂರಕ್ಕೆ ಒಂದು ನಿಮಿಷ ಬೇಕು. ಅಷ್ಟರಲ್ಲಿ ನಿಧಾನ ಮಾಡಿದ್ದೆ ಅಂತ ಚಾಲಕ ಹೇಳಬಹುದು. ಅದಕ್ಕೇ ಅಪಘಾತದ ಜಾಗದ ಗುರುತುಗಳು ಬೇಕು. ಸ್ಥಳ ಮಹಜರಿನಲ್ಲಿ ಬ್ರೇಕ್ ಗುರುತಿನ ಉದ್ದ ಬರೆದಿದ್ದಾರಾ ನೋಡಿ. ಒಣ ಡಾಂಬರಿನಲ್ಲಿ 20 ಮೀಟರ್ ಉಜ್ಜಿ ನಿಂತ ಗಾಡಿ, ಬ್ರೇಕ್ ಹಾಕಿದಾಗ ಸುಮಾರು 60 ಕಿ.ಮೀ. ವೇಗದಲ್ಲಿತ್ತು ಎಂದು ಲೆಕ್ಕ ಬರುತ್ತದೆ. ಉಜ್ಜಿದ ಮೇಲೂ ಗುದ್ದಿದ್ದರೆ ವೇಗ ಅದಕ್ಕಿಂತ ಹೆಚ್ಚೇ. ಲೇಸರ್ ಸ್ಕ್ಯಾನರ್‌ನಿಂದ ಜಾಗವನ್ನೂ ಕಾರಿನ ತಗ್ಗುಗಳನ್ನೂ ಅಳೆದಿಟ್ಟರೆ ಎಷ್ಟೋ ವರ್ಷದ ನಂತರವೂ ಈ ಲೆಕ್ಕ ಮಾಡಬಹುದು. ಮಳೆ ಬಂದರೆ ರಸ್ತೆಯ ಗುರುತು ಉಳಿಯುವುದಿಲ್ಲ ಅಲ್ವಾ?

ವೇಗ ಹೆಚ್ಚಿದ್ದದ್ದಕ್ಕೇ ಜೀವ ಹೋಯಿತು ಎಂದು ತೋರಿಸುವುದೇ ಮುಖ್ಯ. ಗಾಬರಿಯಾಗಿ ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಎಂದಿಟ್ಟುಕೊಂಡರೆ, 100ರಲ್ಲಿ ಬರುವ ಕಾರು ಸುಮಾರು 98 ಮೀಟರಿನಲ್ಲಿ ನಿಲ್ಲುತ್ತದೆ. 118ರಲ್ಲಿ ಸುಮಾರು 127 ಮೀಟರ್ ಬೇಕು. ಆ 29 ಮೀಟರಿನೊಳಗೆ ನಿಮ್ಮ ಭಾವ ಇದ್ದರಾ ಎನ್ನುವುದೇ ಈ ಕೇಸಿನ ಪ್ರಶ್ನೆ. ಅವರದ್ದೂ ಅರ್ಧ ತಪ್ಪು ಎಂದಾದರೆ ಪರಿಹಾರವೂ ಅರ್ಧವಾಗುತ್ತದೆ. ಹಾಗಾಗಿ ಈ ಲೆಕ್ಕವನ್ನು ಹಗುರವಾಗಿ ಬಿಡಬೇಡಿ.

ಮರುಪ್ರಶ್ನೆ:
ಮೇಡಂ, ಕ್ರಿಮಿನಲ್ ಕೇಸಿನಲ್ಲಿ ಚಾಲಕ ಬಿಡುಗಡೆಯಾದರೆ? ಮತ್ತೆ ಪರಿಹಾರ ಎಷ್ಟಾಗಬಹುದು?

ಉತ್ತರ:
ಬಿಡುಗಡೆಯಾದರೂ ಎಂವಿಸಿ ಕೇಸ್, ಅಂದರೆ ವಾಹನ ಅಪಘಾತದ ಪರಿಹಾರದ ಕೇಸ್, ನಿಲ್ಲುವುದಿಲ್ಲ. ಕ್ರಿಮಿನಲ್ ಕೋರ್ಟಿನಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಪರಿಹಾರದ ಕೇಸ್ ನಡೆಯುವ ಟ್ರಿಬ್ಯೂನಲ್‌ನಲ್ಲಿ ಯಾವುದು ಹೆಚ್ಚು ಸಂಭವ ಎಂದು ತೋರಿಸಿದರೆ ಸಾಕು. ಸುಪ್ರೀಂ ಕೋರ್ಟ್ 2009ರ ಬಿಮ್ಲಾ ದೇವಿ ತೀರ್ಪಿನಲ್ಲಿ ಇದನ್ನೇ ಹೇಳಿದೆ. ಲೇಸರ್ ರೀಡಿಂಗ್‌ನಂಥ ಸಾಕ್ಷಿಗೆ ಇಲ್ಲಿ ತೂಕ ಜಾಸ್ತಿ.

ಬ್ರಿಟನ್ನಿನಲ್ಲಿ 1808ರ ಒಂದು ತೀರ್ಪು, ಮನುಷ್ಯನ ಸಾವಿಗೆ ಸಿವಿಲ್ ಕೋರ್ಟಿನಲ್ಲಿ ಪರಿಹಾರವೇ ಇಲ್ಲ ಎಂದಿತ್ತು. ಗಾಯಗೊಂಡು ಬದುಕಿದವನಿಗೆ ಹಣ, ಸತ್ತವನ ಮನೆಯವರಿಗೆ ಏನೂ ಇಲ್ಲ! ಆ ಅನ್ಯಾಯ ಸರಿಯಾಗಿದ್ದು ಅಲ್ಲಿ 1846ರ ಕಾಯ್ದೆಯಿಂದ. ನಮ್ಮಲ್ಲಿ 1855ರ ಫೇಟಲ್ ಆಕ್ಸಿಡೆಂಟ್ಸ್ ಆಕ್ಟ್ ಬಂತು. ಈಗ ವಾಹನ ಅಪಘಾತಕ್ಕೆ ಮೋಟಾರು ವಾಹನ ಕಾಯ್ದೆಯ 166ನೇ ಕಲಮು ಇದೆ.

ಲೆಕ್ಕ ಹೀಗೆ. ತಿಂಗಳಿಗೆ 25,000 ಆದಾಯ ಸಾಬೀತಾಯಿತು ಎಂದುಕೊಳ್ಳಿ. ವರ್ಷಕ್ಕೆ 3 ಲಕ್ಷ. ಸ್ವಂತ ಉದ್ಯೋಗ, 40ರೊಳಗಿನ ವಯಸ್ಸು, ಹಾಗಾಗಿ ಮುಂದಿನ ಗಳಿಕೆಗೆ ಶೇ. 40 ಸೇರಿಸಿ 4.2 ಲಕ್ಷ. ನಾಲ್ವರು ಅವಲಂಬಿತರು, ಆದ್ದರಿಂದ ನಿಮ್ಮ ಭಾವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದು 3.15 ಲಕ್ಷ. 34ರ ವಯಸ್ಸಿಗೆ ಗೊತ್ತುಮಾಡಿದ ಗುಣಕ 16. ಅದರಿಂದ ಗುಣಿಸಿದರೆ 50.4 ಲಕ್ಷ. ಬೇರೆ ಸಣ್ಣ ಬಾಬತ್ತುಗಳು ಇದರ ಮೇಲೆ.

ಅಂಗಡಿಯ ಬಿಲ್ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಐಟಿ ರಿಟರ್ನ್ ಇದ್ದರೆ ಅದು, ಎಲ್ಲ ಒಟ್ಟು ಮಾಡಿ. ಅರ್ಜಿಯನ್ನು ಅಪಘಾತದ ದಿನದಿಂದ ಆರು ತಿಂಗಳೊಳಗೆ ಹಾಕಿ. ಅಕ್ಕ, ಮಕ್ಕಳು, ಅತ್ತೆ ನಾಲ್ವರ ಹೆಸರೂ ಅರ್ಜಿಯಲ್ಲಿರಲಿ.